ಬುಧವಾರದ ಮಳೆ

ಯರಿಹಾಳಕ್ಕೆ ಮಳೆ ಬುಧವಾರ ಬರುತ್ತಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಶುರುವಾಗಿ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು. ಮದುವೆ ಮಾಡುವವರು ಬುಧವಾರ ಬಿಟ್ಟು ಮುಹೂರ್ತ ಹಿಡಿಯುತ್ತಿದ್ದರು. ಹಪ್ಪಳ ಸಂಡಿಗೆ ಒಣಹಾಕುವ ಹೆಂಗಸರಿಗೆ ಆಕಾಶ ನೋಡುವ ಚಟವೇ ಬಿಟ್ಟುಹೋಗಿತ್ತು. ಮಳೆಯೂ ಅಷ್ಟೇ ವಿಧೇಯ. ಜರಡಿಯಿಂದ ಹಿಟ್ಟು ಉದುರಿದಷ್ಟು ಸಣ್ಣಗೆ, ಸದ್ದಿಲ್ಲದೆ ಬಂದು ಹೋಗುತ್ತಿತ್ತು. ಗುಡುಗಿಲ್ಲ, ಸಿಡಿಲಿಲ್ಲ, ಆಲಿಕಲ್ಲಿಲ್ಲ. ಊರವರು ಅದಕ್ಕೆ ಸರ್ಕಾರಿ ಮಳಿ ಎಂದು ಹೆಸರಿಟ್ಟಿದ್ದರು.

ಇಡೀ ರಾಜ್ಯಕ್ಕೆ ಒಂದೇ ಹವೆ ಎಂಬ ಯೋಜನೆ ಬಂದು ಮೂರು ವರ್ಷವಾಗಿತ್ತು. ತಾಲೂಕಿಗೊಂದು ಹವಾಗಂಬ. ಕಂಬದ ತುದಿಯಲ್ಲಿ ಎತ್ತಿನ ಗಾಡಿಯ ಗಾಲಿಯಂಥ ಬಳೆಗಳು. ಅವು ಗಾಳಿಗೆ ಕಣ್ಣಿಗೆ ಕಾಣದ ವಿದ್ಯುತ್ ಕಣಗಳನ್ನು ಬಿಡುತ್ತಿದ್ದವು. ಕಣಕ್ಕೆ ತೇವ ಅಂಟಿ ತೆಳ್ಳನೆಯ ಮೋಡ ಹಬ್ಬುತ್ತಿತ್ತು. ಬಿಸಿಲು ಏರಿದರೆ ಮೋಡ ದಪ್ಪವಾಗುತ್ತಿತ್ತು, ಚಳಿ ಹೆಚ್ಚಿದರೆ ರಾತ್ರಿಗೊಂದು ಹೊದಿಕೆಯಾಗುತ್ತಿತ್ತು. ಕಂಬಗಳು ತಮ್ಮೊಳಗೆ ಲೆಕ್ಕ ಹಾಕಿಕೊಂಡು ಕಾರವಾರದ ತೇವವನ್ನು ಯರಿಹಾಳವಿರುವ ಡೋಣಿ ನದಿಯ ದಂಡೆಗೆ ದಾಟಿಸುತ್ತಿದ್ದವು. ಹೀಗಾಗಿ ಕಡಲ ಕರೆಗೂ ಅದೇ ಹವೆ, ಕೊಡಗಿಗೂ ಅದೇ, ಎರೆನೆಲದ ಬಯಲಿಗೂ ಅದೇ. ವರ್ಷವಿಡೀ ಮೂವತ್ತು ಡಿಗ್ರಿಯ ಆಸುಪಾಸು.

ಇದನ್ನು ಬೈಯುವವರು ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಜನಕ್ಕೆ ಸುಖವಾಗಿತ್ತು. ಬೇಸಿಗೆಯಲ್ಲಿ ರಸ್ತೆ ಕೆಲಸದವರು ಕುಸಿದು ಬೀಳುವುದು ನಿಂತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಮುದುಕರು ಕಟ್ಟೆಗೆ ಬಂದು ಕೂಡುತ್ತಿದ್ದರು. ಸುಖ ಸಿಕ್ಕವರನ್ನು ಬೈಯುವ ಹಕ್ಕು ತಂಪು ಕೋಣೆಯಲ್ಲಿ ಕೂತವರಿಗಂತೂ ಇಲ್ಲ.

ಆದರೆ ಗಿಡಮರಗಳಿಗೆ ದಿಕ್ಕು ತಪ್ಪಿತ್ತು. ಬೇವಿನ ಮರ ಯುಗಾದಿಗೆ ಹೂ ಬಿಡಬೇಕೋ ದೀಪಾವಳಿಗೋ ತಿಳಿಯದೆ ಒಂದೊಂದು ಟೊಂಗೆಗೆ ಒಂದೊಂದು ಕಾಲ ಮಾಡಿಕೊಂಡಿತ್ತು. ಕೊಡಗಿನ ಕಾಫಿ ಗಿಡಗಳು ಒಣಗಿ ಕಾಯ್ದು, ಒಂದು ಮಳೆಗೆ ಒಟ್ಟಿಗೇ ಬಿಳಿ ಹೂ ಬಿಡುವುದನ್ನು ಮರೆತು ವರ್ಷವಿಡೀ ನಾಲ್ಕು ನಾಲ್ಕು ಮೊಗ್ಗು ಬಿಡುತ್ತಿದ್ದವಂತೆ. ಹಿಂಗಾರಿಯ ಬಿಳಿಜೋಳಕ್ಕೆ ಚಳಿಯೂ ಇಲ್ಲ, ಇಬ್ಬನಿಯೂ ಇಲ್ಲ; ತೆನೆ ತುಂಬುತ್ತಿತ್ತು, ಕಾಳಿಗೆ ಸಿಹಿ ಇರಲಿಲ್ಲ. ಹೊಲದಲ್ಲಿ ಬೆಂಕಿ ಹಾಕಿ ಎಳೆ ಜೋಳದ ತೆನೆಯ ಸೀತನಿ ಸುಟ್ಟು ತಿನ್ನುವ ಗಮ್ಮತ್ತನ್ನು ಜನ ತಾವಾಗಿಯೇ ಕೈಬಿಟ್ಟಿದ್ದರು.

ಯರಿಹಾಳದ ಕಂಬವನ್ನು ನೋಡಿಕೊಳ್ಳುತ್ತಿದ್ದವಳು ಅದೇ ಊರಿನ ಸೊಸೆ, ಮಹಾನಂದಾ ತಳವಾರ. ಹವಾಮಾನ ಓದಿದವಳು. ಗಂಡ ಸೊಲ್ಲಾಪುರದ ಕಡೆ ಲಾರಿ ಓಡಿಸುತ್ತಿದ್ದ. ಮನೆಯಲ್ಲಿ ಇವಳು ಮತ್ತು ಅತ್ತೆ ಸಿದ್ದವ್ವ. ಯೋಜನೆ ಬರುವ ಮುಂಚಿನ ಮೇ ತಿಂಗಳಲ್ಲಿ ಇವಳ ಮಾವ ಬಸ್ ಕಾಯುತ್ತ ನಿಂತಲ್ಲೇ ಬಿಸಿಲು ಬಡಿದು ತೀರಿಕೊಂಡಿದ್ದರು. ಆ ಸಂಕಟದಲ್ಲೇ ಮಹಾನಂದಾ ಈ ಕೆಲಸಕ್ಕೆ ಅರ್ಜಿ ಹಾಕಿದ್ದಳು. ದಿನ್ನೆಯ ಮೇಲಿನ ಕೇಂದ್ರದಲ್ಲಿ ಪರದೆಗಳ ಮುಂದೆ ಕೂತು ತಾಪಮಾನದ ಕಾಂಟಾ ಮೂವತ್ತೊಂದು ದಾಟದಂತೆ ನೋಡಿಕೊಳ್ಳುವಾಗ, ಯಾರದೋ ಮನೆಯ ಹಿರಿಯರ ತಲೆಯ ಮೇಲೆ ಕೊಡೆ ಹಿಡಿದಿದ್ದೇನೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಆ ಹೆಮ್ಮೆ ಸುಳ್ಳಲ್ಲ.

ಅದಕ್ಕೆ ಮೊದಲ ಪೆಟ್ಟು ಬಿದ್ದದ್ದು ಮನೆಯ ಅಡುಗೆಕೋಣೆಯಲ್ಲಿ. ಒಂದು ಬೆಳಿಗ್ಗೆ ಸಿದ್ದವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ತಲೆಯ ಮೇಲಿನ ತೊಲೆಗೆ ಕೋಲಿನಿಂದ ಕುಟ್ಟಿದಳು. ಹಿಟ್ಟಿನಂಥ ಪುಡಿ ಸುರಿಯಿತು.

"ನೋಡಿಲ್ಲಿ. ಇದು ತೊಲಿ ಅಲ್ಲ, ಪುಡಿ ಚೀಲ. ನಿಮ್ಮ ಮಾವನ ಅಜ್ಜನ ಕಾಲದ್ದು. ಅಷ್ಟು ವರ್ಷ ಏನೂ ಆಗಿದ್ದಿಲ್ಲ, ಮೂರ ವರ್ಷದಾಗ ಒರಲಿ ತಿಂದು ಮುಗಿಸಿದ್ವು."

ಒರಲಿ ಎಂದರೆ ಗೆದ್ದಲು. ಯಾವಾಗಲೂ ಹದವಾಗಿ ತೇವ ಇರುವ ನೆಲ ಅವಕ್ಕೆ ಮಾವನ ಮನೆಯಾಗಿತ್ತು. ಊರಿನಲ್ಲಿ ಆಗಲೇ ಎರಡು ಮಾಳಿಗೆ ಕುಸಿದಿದ್ದವು.

"ಔಷಧ ಹೊಡಸೂಣ್ರಿ ಅತ್ತಿ."

"ಎಷ್ಟಂತ ಹೊಡಸ್ತಿ? ಮೊದಲ ಯಾರ ಹೊಡಸ್ತಿದ್ರು? ಮೃಗಶಿರ ಮಳಿ ಗುಡುಗಿ ಬಿತ್ತಂದ್ರ ಕೆರಿಯಾಗಿನ ಗುಂಡಗಪ್ಪಿ ಎಲ್ಲಾ ಮ್ಯಾಲೆದ್ದು ಬರ್ತಿದ್ವು. ಒರಲಿ ಹಬ್ಬದ ಊಟ ಉಂಡಂಗ ಉಂಡು ಹೋಗ್ತಿದ್ವು. ಈಗ ಅವುಗಳ ದನಿ ಕೇಳಿ ಮೂರ ವರ್ಷ ಆತು. ನಿಮ್ಮ ಮಶೀನಿನಾಗ ಅದರದೇನರ ಲೆಕ್ಕ ಐತೇನು?"

ಲೆಕ್ಕ ಇರಲಿಲ್ಲ. ಮಹಾನಂದಾ ಆ ದಿನ ಮೊದಲ ಸಲ ಹುಡುಕಿದಳು. ಗುಂಡಗಪ್ಪೆ ನಿಂಬೆಕಾಯಿಗೆ ನಾಲ್ಕು ಗಿಡ್ಡ ಕಾಲು ಹಚ್ಚಿದಂಥ ಪ್ರಾಣಿ. ವರ್ಷದ ಹೆಚ್ಚು ಕಾಲ ಕೆರೆಯಂಗಳದ ಎರೆಮಣ್ಣಿನಲ್ಲಿ ಆಳಕ್ಕೆ ಹೂತುಕೊಂಡು, ಉಸಿರು ಕಡಿಮೆ ಮಾಡಿ ಮಲಗುತ್ತದೆ. ಬೇಸಿಗೆ ಕಾದು ಕಾದು, ಮೊದಲ ಗುಡುಗು ಮಳೆಯ ದಪ್ಪ ಹನಿಗಳು ನೆಲವನ್ನು ಗುದ್ದಿದಾಗ ಆ ನಡುಕಕ್ಕೆ ಎಚ್ಚರವಾಗುತ್ತದೆ. ತೇವ ಅದನ್ನು ಎಬ್ಬಿಸುವುದಿಲ್ಲ, ಗುದ್ದು ಎಬ್ಬಿಸುತ್ತದೆ. ಬರೀ ತೇವಕ್ಕೆ ಎದ್ದರೆ ಮೇಲೆ ನೀರು ನಿಂತಿರುತ್ತದೆಂಬ ನೆಚ್ಚಿಕೆ ಇಲ್ಲ. ಎದ್ದು ಬಂದು, ನಿಂತ ನೀರಿನಲ್ಲಿ ಕೂಗಿ, ಮೊಟ್ಟೆಯಿಟ್ಟು, ಹೊಟ್ಟೆ ತುಂಬ ಗೆದ್ದಲು ತಿಂದು ಮತ್ತೆ ಮಣ್ಣಿಗಿಳಿಯುತ್ತದೆ. ಬೇರೆ ಊರಿನ ಹವೆಯಲ್ಲಿ ಈ ಬಾಳುವೆಗೆ ಅರ್ಥವೇ ಇಲ್ಲ. ಡೋಣಿ ದಂಡೆಯ ಬೆಂಕಿ ಬಿಸಿಲಿಗೂ ಅಬ್ಬರದ ಮಳೆಗೂ ತಾಳ ಹಾಕಿ ಹಾಕಿ ಅದರ ಮೈ ಹಾಗೆ ಆಗಿದೆ.

ಬುಧವಾರದ ಮಳೆ ನೆಲವನ್ನು ಗುದ್ದುತ್ತಿರಲಿಲ್ಲ. ಮಣ್ಣು ಕೊಚ್ಚಿಹೋಗಬಾರದೆಂದು ಹನಿಯನ್ನು ಬೇಕೆಂದೇ ಸಣ್ಣದು ಮಾಡಿದ್ದರು. ಕಂಬದ ಬುಡದಲ್ಲಿ ನೆಲದ ನಡುಕ ಅಳೆಯುವ ಯಂತ್ರವಿತ್ತು; ಮಹಾನಂದಾ ಮೂರು ವರ್ಷದ ಗೆರೆಯನ್ನು ಪರದೆಯ ಮೇಲೆ ಎಳೆದು ನೋಡಿದಳು. ಇಸ್ತ್ರಿ ಮಾಡಿದಂತೆ ನೆಟ್ಟಗಿತ್ತು.

ಜೊತೆಗಾರ ರಿಯಾಜ್ ಜಮಾದಾರ ಪಕ್ಕದಿಂದ ಇಣುಕಿದ. "ಏನ್ರಿ ಅಕ್ಕಾರ, ಭೂಕಂಪ ಹುಡುಕಾಕತ್ತೀರೇನು?"

"ಇಲ್ಲ. ಮಲಗಿದವರನ್ನ ಎಬ್ಬಿಸೋರು ಯಾರೂ ಇಲ್ಲಲ್ಲ ಅಂತ ನೋಡಾಕತ್ತೀನಿ."

ಅವಳು ಯೋಜನೆಯ ನಿರ್ದೇಶಕಿ ಡಾಕ್ಟರ್ ವಸುಂಧರಾ ಅಡಿಗರಿಗೆ ನೇರವಾಗಿ ಫೋನ್ ಹಚ್ಚಿದಳು. ವರ್ಷಕ್ಕೊಂದು ಸಲ, ಜೂನ್ ಮೊದಲಿಗೆ, ಒಂದೇ ಒಂದು ದಿನ ಈ ತಾಲೂಕಿಗೆ ಅದರದೇ ಮಳೆ ಬಿಡಿ ಎಂದು ಕೇಳಿದಳು. ವಸುಂಧರಾ ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು.

"ಮಹಾನಂದಾ, ದಪ್ಪ ಹನಿ ಬೇಕಾದರೆ ಎತ್ತರದ ಮೋಡ ಬೇಕು. ಎತ್ತರದ ಮೋಡಕ್ಕೆ ನೆಲ ಕಾಯಬೇಕು. ನೆಲ ಕಾದರೆ ಜನ ಸಾಯುತ್ತಾರೆ. ಆಮೇಲೆ ಸಿಡಿಲು ಬೇರೆ. ಸತ್ತವರ ಮನೆಗೆ ಹೋಗಿ ಕಪ್ಪೆ ತೋರಿಸಿ ಸಮಾಧಾನ ಹೇಳ್ತೀರಾ?"

ಮಾವನ ಹೆಣ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಮಲಗಿದ್ದು ಮಹಾನಂದಾಳ ಕಣ್ಣಿಗೆ ಬಂತು.

"ಹೊಂದಿಕೊಳ್ಳದ ಜೀವಿಗಳು ಹಿಂದೆಯೂ ಹೋಗಿವೆ, ಮುಂದೆಯೂ ಹೋಗುತ್ತವೆ" ಎಂದು ವಸುಂಧರಾ ಮೆತ್ತಗೆ ಸೇರಿಸಿದರು.

ಅದು ಮಾತ್ರ ಇವಳಿಗೆ ಚುಚ್ಚಿತು. "ಹೊಂದಿಕೊಳ್ಳದೆ ಅಲ್ಲ ಮೇಡಂ. ಈ ನೆಲಕ್ಕೆ ಅವು ಎಷ್ಟು ಹೊಂದಿಕೊಂಡಾವಂದ್ರೆ, ನಾವು ನೆಲದ ಹವೆ ಕಿತ್ತುಕೊಂಡ ಮೇಲೂ ಅದಕ್ಕೇ ಕಾಯ್ತಾ ಮಲಗ್ಯಾವ."

"ಯೋಜನೆಯ ವಾರ್ಷಿಕೋತ್ಸವಕ್ಕೆ ನಿಮ್ಮಲ್ಲಿಗೇ ಬರುತ್ತಿದ್ದೇನೆ. ಆಗ ಮಾತಾಡೋಣ" ಎಂದು ಅವರು ಫೋನ್ ಇಟ್ಟರು. ಇಂಥ "ಆಗ" ಯಾವತ್ತೂ ಬರುವುದಿಲ್ಲವೆಂದು ಸರ್ಕಾರಿ ಕೆಲಸ ಮಾಡಿದವರಿಗೆಲ್ಲ ಗೊತ್ತು.

ಆ ಸಂಜೆ ಅತ್ತೆ ಸೊಸೆ ಇಬ್ಬರೂ ಸಣ್ಣ ಗುದ್ದಲಿ ಹಿಡಿದು ಕೆರೆಯಂಗಳಕ್ಕೆ ಹೋದರು. ಬುಧವಾರದ ಮಳೆಯನ್ನು ನೆಲ ಹಾಗೆಯೇ ಹೀರಿಕೊಳ್ಳುತ್ತಿದ್ದರಿಂದ ಕೆರೆಗೆ ನೀರು ಹರಿದು ಬಂದು ಮೂರು ವರ್ಷವಾಗಿತ್ತು. ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ಸಿದ್ದವ್ವ ಒಂದು ಜಾಗ ತೋರಿಸಿದಳು, ಅದು ತಪ್ಪಾಯಿತು. ಇನ್ನೊಂದು ತೋರಿಸಿದಳು, ಅದೂ ತಪ್ಪಾಯಿತು. ಮೊಣಕೈಯಷ್ಟು ಆಳದಲ್ಲಿ ಅಂತೂ ಒಂದು ಸಿಕ್ಕಿತು. ತನ್ನದೇ ಸುಲಿದ ಚರ್ಮವನ್ನು ಕೌದಿಯಂತೆ ಸುತ್ತಿಕೊಂಡು ಕಣ್ಣು ಮುಚ್ಚಿತ್ತು. ಗುಂಡಗಪ್ಪೆಯಲ್ಲಿ ಗುಂಡು ಉಳಿದಿರಲಿಲ್ಲ, ಪಕ್ಕೆಗಳು ಒಳಗೆ ಹೋಗಿದ್ದವು. ಮಹಾನಂದಾ ಬೆರಳಿಟ್ಟಾಗ ಎದೆ ಒಂದು ಸಲ ಮಿಡಿಯಿತು, ಮತ್ತೆ ಮಿಡಿಯಲು ಬಹಳ ಹೊತ್ತು ತೆಗೆದುಕೊಂಡಿತು.

"ಇದು ಇನ್ನೊಂದು ವರ್ಷ ದಾಟಂಗಿಲ್ಲ" ಎಂದಳು ಸಿದ್ದವ್ವ. ಅದನ್ನು ಇದ್ದ ಹಾಗೆಯೇ ಇಟ್ಟು ಮಣ್ಣು ಮುಚ್ಚಿ, ಮೇಲೆ ಕೈಯಿಂದ ತಟ್ಟಿದಳು. ಎಳೆಗೂಸನ್ನು ಮಲಗಿಸುವಾಗ ತಟ್ಟುವ ಹಾಗೆ. ಮಹಾನಂದಾಳಿಗೆ ಅಳು ಬಂತು, ಅಳುವುದಕ್ಕಿಂತ ಹೆಚ್ಚು ಸಿಟ್ಟು ಬಂತು.

ಮುಂದಿನ ಭಾನುವಾರ ಬೆಳಿಗ್ಗೆ ವಾರ್ಷಿಕೋತ್ಸವ. ಸಮಿತಿಯವರು ಸಮತಟ್ಟಾದ ದೊಡ್ಡ ಜಾಗ ಬೇಕೆಂದು ಕೆರೆಯಂಗಳದಲ್ಲೇ ಪೆಂಡಾಲು ಹಾಕಿಸಿದರು. ಅತಿಥಿಗಳ ಸ್ವಾಗತಕ್ಕೆ ಪಕ್ಕದ ಊರಿನ ಡೊಳ್ಳಿನ ಮೇಳ ಬಂತು. ಕಪ್ಪೆಗಳ ಯೋಚನೆ ಯಾರಿಗೂ ಇರಲಿಲ್ಲ. ನಿಜ ಹೇಳಬೇಕೆಂದರೆ ಮಹಾನಂದಾಳಿಗೂ ಇರಲಿಲ್ಲ. ಅವಳು ಕುರ್ಚಿ ಎಣಿಸುವ ಗಡಿಬಿಡಿಯಲ್ಲಿದ್ದಳು.

ಡೊಳ್ಳಿನವರು ಸಾಲಾಗಿ ನಿಂತು ಮೊದಲ ಪೆಟ್ಟು ಹಾಕಿದರು. ಎದೆಯೊಳಗೆ ಬಡಿಯುವ ಸದ್ದು. ಒಟ್ಟಿಗೆ ಹಾರಿ ಒಟ್ಟಿಗೆ ನೆಲಕ್ಕಿಳಿಯುವ ಕುಣಿತ. ಪ್ರತಿ ಸಲವೂ ಅಂಗಳ ಅದುರಿತು. ವಸುಂಧರಾ ಅಡಿಗರಿಗೆ ಶಾಲು ಹೊದಿಸಿ, ಮೈಕು ಕೈಗೆ ಕೊಟ್ಟ ಮೇಲೂ ಮೇಳದವರು ರಂಗೇರಿ ನಿಲ್ಲಿಸಲಿಲ್ಲ.

ಮೊದಲು ನೋಡಿದವಳು ಮುಂದಿನ ಸಾಲಿನ ಸಿದ್ದವ್ವ. ಅವಳ ಕಾಲ ಹತ್ತಿರ ಮಣ್ಣು, ಶೇಂಗಾ ಮೊಳಕೆಯೊಡೆಯುವಾಗ ಏಳುವಂತೆ ಎದ್ದು ಬಿರಿಯಿತು. ಬಿರುಕಿನಿಂದ ಎರಡು ಕಣ್ಣು ಬಂದವು. ಆಮೇಲೆ ಕುರ್ಚಿಗಳ ಕೆಳಗೆ, ಜಮಖಾನೆಯ ಅಂಚಿನಲ್ಲಿ, ಡೊಳ್ಳಿನವರ ಗೆಜ್ಜೆಗಾಲ ನಡುವೆ, ಎಲ್ಲಿ ನೋಡಿದರಲ್ಲಿ ಮಣ್ಣು ಏಳತೊಡಗಿತು. ಒಂದು ಕಪ್ಪೆ ವೇದಿಕೆಯ ಹೂಕುಂಡವೇರಿ ನಿರ್ದೇಶಕಿಯ ಮುಖವನ್ನೇ ನೋಡುತ್ತ ಕೂತಿತು. ಜನ ಕಾಲು ಮೇಲೆತ್ತಿಕೊಂಡು ನಕ್ಕರು. ಡೊಳ್ಳು ಒಂದೊಂದಾಗಿ ನಿಂತವು.

ನಗು ನಿಲ್ಲಲು ಬಹಳ ಹೊತ್ತು ಬೇಕಾಗಲಿಲ್ಲ. ಕಪ್ಪೆಗಳು ಸಾವಿರಗಟ್ಟಲೆ ಎದ್ದಿದ್ದವು, ನೀರು ಒಂದು ತೊಟ್ಟೂ ಇರಲಿಲ್ಲ. ಅವು ಮೇಲ್ಪದರ ಒಣಗಿದ್ದ ಮಣ್ಣಿನ ಮೇಲೆ ನಾಲ್ಕು ಹೆಜ್ಜೆ ಇಟ್ಟು, ನಿಂತು, ದಿಕ್ಕು ತಿರುಗಿ ಮತ್ತೆ ನಾಲ್ಕು ಹೆಜ್ಜೆ ಇಟ್ಟವು. ಉಳಿದಿದ್ದ ಶಕ್ತಿಯನ್ನೆಲ್ಲ ಮೇಲೆ ಬರುವುದಕ್ಕೆ ಸುರಿದಿದ್ದವು. ಮತ್ತೆ ಅಗೆದುಕೊಂಡು ಒಳಗೆ ಹೋಗುವ ತ್ರಾಣ ಅವಕ್ಕೆ ಇರಲಿಲ್ಲ. ಕಾಗೆಗಳು ಪೆಂಡಾಲಿನ ಕಂಬಗಳ ಮೇಲೆ ಸಾಲುಗಟ್ಟಿದವು.

ಮಹಾನಂದಾ ವೇದಿಕೆ ಹತ್ತಿದಳು. "ಮೇಡಂ, ಮಳೆ ಬೇಕು. ಇವತ್ತೇ."

"ಬುಧವಾರ ಬರುತ್ತದಲ್ಲ."

"ಬುಧವಾರದ ತನಕ ಇವು ಇರಂಗಿಲ್ಲ. ಬುಧವಾರದ ಮಳೆ ಕೆರೆ ತುಂಬಂಗೂ ಇಲ್ಲ."

"ನಾನು ಕೈ ಮುಗಿದು ಕೇಳ್ತೀನಿ, ಇದನ್ನು ದೊಡ್ಡದು ಮಾಡಬೇಡಿ" ಎಂದರು ವಸುಂಧರಾ. ಅವರ ಕಣ್ಣು ಹೂಕುಂಡದ ಮೇಲಿನ ಕಪ್ಪೆಯನ್ನು ತಪ್ಪಿಸುತ್ತಿತ್ತು. "ಒಂದು ಕಂಬ ತಪ್ಪಿದರೆ ಎಲ್ಲರೂ ಕೇಳುತ್ತಾರೆ. ಕಡಲ ಕರೆಯವರು ಅವರ ಮಳೆ ಕೇಳ್ತಾರೆ, ಕೊಡಗಿನವರು ಅವರದ್ದು."

"ಕೇಳಲಿ ಬಿಡ್ರಿ. ಅವರದೇ ಅಲ್ಲೇನ್ರಿ ಅದು?"

ಅಷ್ಟು ಹೇಳಿ ಅವಳು ಕೆಳಗಿಳಿದಳು. ಮಳೆ ಸೃಷ್ಟಿಸುವುದೇನೂ ಬೇಕಿರಲಿಲ್ಲ. ಜೂನ್ ತಿಂಗಳು, ನೈಋತ್ಯದ ತೇವದ ಗಾಳಿ ಆಗಲೇ ಬಂದು ಕಂಬಗಳ ಗಡಿಯಲ್ಲಿ ಒತ್ತಿಕೊಂಡು ನಿಂತಿತ್ತು. ಕಂಬ ಆರಿಸಿದರೆ ತೆಳುಮೋಡ ಚದುರಿ ಬಿಸಿಲು ಬೀಳುತ್ತದೆ, ನೆಲ ಕಾಯುತ್ತದೆ, ಕಾದ ಗಾಳಿ ಮೇಲೇರಿ ಆ ತೇವವನ್ನು ಎಳೆದುಕೊಳ್ಳುತ್ತದೆ. ತಡೆಯುವುದನ್ನು ಬಿಟ್ಟರೆ ಸಾಕಿತ್ತು. ಆದರೆ ನಡುವೆ ಅರ್ಧ ದಿನದ ಬಿಸಿಲು ಇತ್ತು, ಮೊದಲಿನ ಬಿಸಿಲು.

ಸಿದ್ದವ್ವ ಸೆರಗಿನಲ್ಲಿ ಕಪ್ಪೆಗಳನ್ನು ತುಂಬಿಕೊಳ್ಳುತ್ತಿದ್ದಳು. ಮಹಾನಂದಾ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. "ಅತ್ತಿ, ಕಂಬ ಆರಿಸಿದ್ರ..."

"ಬಿಸಲ ಬರ್ತೈತಿ. ಗೊತ್ತೈತಿ ನನಗ."

"ಮಾವಾರನ್ನ ಒಯ್ದದ್ದು ಅದ ಬಿಸಲ್ರಿ."

ಸಿದ್ದವ್ವ ತಲೆ ಎತ್ತಲಿಲ್ಲ. "ಅವ್ರನ್ನ ಬಿಸಲು ಒಯ್ಯಲಿಲ್ಲ. ಬಸ್‌ಸ್ಟ್ಯಾಂಡಿನಾಗ ಒಂದು ನೆರಳಿದ್ದಿಲ್ಲ. ಅಷ್ಟು ಮಂದಿ ಅಡ್ಡಾಡಿದ್ರು, ಒಬ್ಬರೂ ಒಂದು ತಂಬಿಗಿ ನೀರು ಕೊಡಲಿಲ್ಲ. ಬಿಸಲಿನ ಊರಾಗ ಹೆಂಗ ಬದುಕಬೇಕಂತ ಮಂದಿ ಮರತಿದ್ರು, ಅದಕ್ಕ ಹ್ವಾದ್ರು." ಸೆರಗು ಬಿಗಿ ಮಾಡಿ ಎದ್ದಳು. "ನೀ ಹೋಗು. ಊರು ನಾ ನೋಡ್ಕೋತೀನಿ."

ಕೇಂದ್ರದಲ್ಲಿ ರಿಯಾಜ್ ಒಬ್ಬನೇ ಇದ್ದ. ರಾಜಧಾನಿಯಿಂದ ಯಾರೂ ಮುಟ್ಟಲಾಗದಂತೆ ಕಂಬ ಆರಿಸುವ ದಾರಿ ಒಂದೇ, ದುರಸ್ತಿ ಬೀಗ. ಮೇಲೆ ಹತ್ತಿದ ಕೆಲಸಗಾರರ ಜೀವಕ್ಕೆಂದು ಮಾಡಿದ ಏರ್ಪಾಡು ಅದು. ಇಬ್ಬರು ಎರಡು ಕೀಲಿ ಒಟ್ಟಿಗೆ ತಿರುಗಿಸಬೇಕು. ಅವೇ ಎರಡು ಕೀಲಿ ಮತ್ತೆ ತಿರುಗಿಸುವ ತನಕ ಕಂಬ ಹೊತ್ತಿಕೊಳ್ಳುವುದಿಲ್ಲ.

ಎಲ್ಲ ಕೇಳಿದ ಮೇಲೆ ರಿಯಾಜ್ ಪರದೆ ನೋಡಿದ. "ನೌಕರಿ ಹೋಗ್ತದ್ರಿ ಅಕ್ಕಾರ."

"ಹೌದು. ಇಬ್ಬರದೂ."

ಅವನು ಫೋನ್ ತೆಗೆದು ತಾಯಿಗೆ ಹಚ್ಚಿದ. ಆಕೆಗೆ ಎದೆಯ ಕಾಯಿಲೆ. "ಅಮ್ಮೀ, ಇವತ್ತು ಹೊರಗ ಬರಬ್ಯಾಡ. ಕಿಟಕಿಗೆ ಒದ್ದಿ ಚಾದರ ಕಟ್ಟು. ಯಾಕಂತ ಆಮ್ಯಾಲೆ ಹೇಳ್ತೀನಿ." ಫೋನ್ ಇಟ್ಟು ಕೊರಳಿನಿಂದ ಕೀಲಿ ಬಿಚ್ಚಿದ. ಇಬ್ಬರೂ ತಿರುಗಿಸಿದರು. ಮೂರು ವರ್ಷದಿಂದ ಕಿವಿಗೆ ಅಂಟಿಕೊಂಡಿದ್ದ ಕಂಬದ ಗುಂಯ್ ಎಂಬ ಸದ್ದು ನಿಂತಿತು. ಮಹಾನಂದಾ ತನ್ನ ಕೀಲಿಯನ್ನು ಕುಪ್ಪಸದೊಳಗೆ ಸೇರಿಸಿಕೊಂಡಳು. ರಿಯಾಜ್ ತನ್ನದನ್ನು ಊಟದ ಡಬ್ಬಿಯ ಪಲ್ಯದಲ್ಲಿ ಹುದುಗಿಸಿದ.

ವಸುಂಧರಾ ಬಂದಾಗ ಕಾಂಟಾ ಮೂವತ್ತೇಳಕ್ಕೆ ಏರಿತ್ತು. ಸನ್ಮಾನದ ಶಾಲಿನಿಂದಲೇ ಅವರು ಮುಖ ಒರೆಸಿಕೊಂಡರು.

"ಕೀಲಿ ಕೊಡಿ."

"ಕೊಡಂಗಿಲ್ಲ ಮೇಡಂ."

"ಪೊಲೀಸರನ್ನು ಕರೆಸುತ್ತೇನೆ."

"ಕರಸ್ರಿ. ಜಿಲ್ಲೆಯಿಂದ ಬರಬೇಕು ಅವರು. ಅವರ ಮುಂಚೆ ಮಳೆ ಬರ್ತದ."

ಅಕ್ಕಪಕ್ಕದ ಕಂಬಗಳು ತಾವಾಗಿಯೇ ಇತ್ತ ಮೋಡ ತಳ್ಳಲು ನೋಡಿ ಸೋಲುತ್ತಿದ್ದವು. ಆಕಾಶ ಬರೀ ನೀಲಿಯಾಗಿ, ಬಿಸಿಲು ಕಣ್ಣು ಕುಕ್ಕುವಂತೆ ಬಿತ್ತು. ಮೂವತ್ತೊಂಬತ್ತು. ಮಹಾನಂದಾ ಕಂಬದ ಕ್ಯಾಮೆರಾವನ್ನು ಊರಿನ ಕಡೆ ತಿರುಗಿಸಿದಳು. ಕೆರೆಯಂಗಳದಲ್ಲಿ ಪೆಂಡಾಲಿನ ಬಟ್ಟೆ ಬಿಚ್ಚಿ ಕಪ್ಪೆಗಳ ಮೇಲೆ ಹಾಸಿದ್ದರು. ಡೊಳ್ಳಿನವರು ಬಾವಿಯಿಂದ ಕೊಡ ಹೊತ್ತು ತಂದು ಗೋಣಿತಟ್ಟುಗಳನ್ನು ನೆನೆಸುತ್ತಿದ್ದರು. ಎಬ್ಬಿಸಿದ ತಪ್ಪಿಗೆ ತಾವೇ ದಂಡ ತೆರುತ್ತಿದ್ದಂತಿತ್ತು.

ಊರ ಓಣಿಯಲ್ಲಿ ಹೆಂಗಸರ ಗುಂಪು ಕಾಣಿಸಿತು. ಮುಂದೆ ಸಿದ್ದವ್ವ. ತಲೆಯ ಮೇಲೆ ರೊಟ್ಟಿ ಹಂಚು, ಹಂಚಿನ ಮೇಲೆ ಸಗಣಿಯ ಗೊಂಬೆ, ಗೊಂಬೆಯ ನೆತ್ತಿಗೆ ಗರಿಕೆ.

"ಅವರೇನು ಮಾಡುತ್ತಿದ್ದಾರೆ?" ವಸುಂಧರಾ ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

"ಗುರ್ಜಿ ಮೇಡಂ. ಮಳೆ ತಡವಾದ್ರ ಮನಿಮನಿಗೆ ಹೊತ್ಕೊಂಡು ಹೋಗ್ತಾರ. ಮನಿಯವರು ಗುರ್ಜಿ ಮೇಲೆ ನೀರು ಸುರೀತಾರ."

"ಇದರಿಂದ ಮಳೆ ಬರುತ್ತದೆಯೇ?"

"ಮಳೆ ವಿಷಯ ಬಿಡ್ರಿ. ಬಾಗಿಲ ನೋಡ್ರಿ."

ಪ್ರತಿ ಬಾಗಿಲಿಗೂ ಗುಂಪು ನಿಲ್ಲುತ್ತಿತ್ತು. ಒಳಗಿನವರು ಕೊಡ ಹಿಡಿದು ಬಂದು ನೀರು ಸುರಿಯಲೇಬೇಕು, ಅದು ರೂಢಿ. ಬಾರದಿದ್ದರೆ ಹೆಂಗಸರು ಒಳಗೆ ಹೋಗುತ್ತಿದ್ದರು. ಮುದುಕರು ಇದ್ದರೆ ಕೈ ಹಿಡಿದು, ದಪ್ಪ ಮಣ್ಣುಗೋಡೆಯ ದೊಡ್ಡಮನೆಗೆ ಒಯ್ದು ಕೂಡಿಸುತ್ತಿದ್ದರು. ಅಲ್ಲಿ ಕಿಟಕಿಗಳಿಗೆ ಒದ್ದೆ ಕೌದಿ, ಮಜ್ಜಿಗೆಯ ಹಂಡೆ. ಗುರ್ಜಿಯ ಮೇಲೆ ಸುರಿದ ನೀರು ಹೊತ್ತವಳನ್ನೂ ತೋಯಿಸುತ್ತಿತ್ತು; ಸಿದ್ದವ್ವ ಆ ಬಿಸಿಲಿನಲ್ಲೂ ತಣ್ಣಗಿದ್ದಳು. ಮೊದಲು ಇದನ್ನು ಕಟ್ಟಿದವರಿಗೆ ಮಳೆಯ ನೆಪದಲ್ಲಿ ಮನೆಮನೆ ಇಣುಕುವ ಬುದ್ಧಿ ಇತ್ತೋ ಇಲ್ಲವೋ, ಸಿದ್ದವ್ವನಿಗೆ ಇತ್ತು.

ನಲವತ್ತೊಂದು. ಒಂದು ಬಾಗಿಲು ತೆರೆಯಲಿಲ್ಲ. ಹೆಂಗಸರು ದೂಡಿ ಒಳಗೆ ಹೋದರು. ಬರುವಾಗ ಚಂದಪ್ಪನನ್ನು ಹೊತ್ತು ತಂದರು. ಒಬ್ಬನೇ ಇರುವ ಮುದುಕ. ತಲೆ ಒಂದು ಕಡೆಗೆ ಜೋತುಬಿದ್ದಿತ್ತು.

"ನಾನು ಹೇಳಿದ್ದು ಇದನ್ನೇ" ಎಂದರು ವಸುಂಧರಾ. "ಮಹಾನಂದಾ, ಈಗಲೂ ಹೊತ್ತು ಮೀರಿಲ್ಲ."

ಮಹಾನಂದಾಳ ಕೈ ತಾನಾಗಿ ಎದೆಗೆ ಹೋಯಿತು. ಬೆಂಚು, ಬೆಂಚಿನ ಮೇಲಿನ ಮಾವ, ಅವರ ಒಂದೇ ಕಾಲಿಗಿದ್ದ ಚಪ್ಪಲಿ. ಕೀಲಿ ಬೆರಳಿಗೆ ಸಿಕ್ಕಿತು. ಇದಕ್ಕಿಂತ ದೊಡ್ಡ ಭಯ ಅವಳು ಕಂಡಿರಲಿಲ್ಲ. ಪರದೆಯ ಮೇಲೆ ದೊಡ್ಡಮನೆಯ ಬಾಗಿಲು ಮುಚ್ಚಿತು. ಆಮೇಲೆ ಏನೂ ಕಾಣಲಿಲ್ಲ. ರಿಯಾಜ್ ತನ್ನ ಊಟದ ಡಬ್ಬಿಯನ್ನೇ ನೋಡುತ್ತಿದ್ದ.

ಫೋನ್ ಬಂತು. "ಎದ್ದು ಕುಂತಾನ" ಎಂದಳು ಸಿದ್ದವ್ವ, ಏದುಸಿರಿನಲ್ಲಿ. "ಮಜ್ಜಿಗಿಗೆ ಉಪ್ಪು ಕಡಿಮಿ ಆಗೇತಿ ಅಂತ ನನಗ ಬೈಯಾಕತ್ತಾನ. ನೀ ಕೀಲಿ ಮುಟ್ಟಬ್ಯಾಡ."

ಮಹಾನಂದಾ ಕೈ ಹೊರಗೆ ತೆಗೆದಳು.

ಇಳಿಹೊತ್ತಿಗೆ ನೈಋತ್ಯದಲ್ಲಿ ಮೋಡ ಎದ್ದಿತು. ಮೂರು ವರ್ಷದಿಂದ ಯಾರೂ ನೋಡದ ಮೋಡ. ಬುಡ ಕಪ್ಪು, ನೆತ್ತಿ ಬಿಳಿ, ನೋಡುತ್ತಿದ್ದಂತೆ ಮೇಲೆ ಮೇಲೆ ಬೆಳೆಯಿತು. ಗಾಳಿ ನಿಂತಿತು. ಮಹಾನಂದಾ ಕೇಂದ್ರದ ಧ್ವನಿವರ್ಧಕದಲ್ಲಿ ಊರವರಿಗೆಲ್ಲ ಒಳಗೆ ಹೋಗಿ, ಮರದ ಕೆಳಗೆ ನಿಲ್ಲಬೇಡಿ ಎಂದು ಕೂಗಿ ಹೇಳಿದಳು. ಕೆರೆಯಂಗಳದಲ್ಲಿದ್ದವರು ಹಾಸಿದ್ದ ಬಟ್ಟೆಗಳನ್ನು ಸೆಳೆದುಕೊಂಡು ಓಡಿದರು.

ಮೊದಲ ಹನಿ ಕಿಟಕಿಯ ಗಾಜಿಗೆ ಕಲ್ಲೆಸೆದಂತೆ ಬಡಿಯಿತು. ಆಮೇಲೆ ಗುಡುಗು. ನಡುಕದ ಯಂತ್ರದ ಇಸ್ತ್ರಿ ಮಾಡಿದ ಗೆರೆ ಪರದೆಯ ಅಂಚು ಹರಿದುಕೊಂಡು ಹೋಗುವಂತೆ ಕುಣಿಯಿತು. ರಿಯಾಜ್ ಜೋರಾಗಿ ನಕ್ಕ. ಮಳೆ ಮೇಲಿನಿಂದ ಸುರಿಯಲಿಲ್ಲ, ಊರಿನ ಮೈಮೇಲೆ ಎರಗಿತು. ದಿನ್ನೆಯಿಂದ ಕೆಸರು ನೀರು ಹೊರಳುತ್ತ ಇಳಿಯಿತು, ಹಳ್ಳ ಹಳೆಯ ದಾರಿ ನೆನಪು ಮಾಡಿಕೊಂಡು ಕೆರೆಯ ಕಡೆಗೆ ತಿರುಗಿತು.

ಗುಡುಗು ದೂರ ಸರಿದ ಮೇಲೆ ಮೂವರೂ ಹೊರಗೆ ಬಂದರು. ಕೆರೆಯಲ್ಲಿ ನೀರು ನಿಂತಿತ್ತು. ಮೊದಲು ಒಂದು ಕೂಗು ಕೇಳಿತು, ಎಮ್ಮೆಕರು ತಾಯಿಯನ್ನು ಕರೆದಂತೆ. ಅದಕ್ಕೆ ಆ ದಡದಿಂದ ಇನ್ನೊಂದು. ಆಮೇಲೆ ಎಣಿಸುವಂತಿರಲಿಲ್ಲ. ಎಲ್ಲ ಉಳಿದಿರಲಿಲ್ಲ, ಒಣಗಿ ಸತ್ತವು ನೀರಿನ ಅಂಚಿನಲ್ಲಿ ತೇಲುತ್ತಿದ್ದವು. ಉಳಿದವು ಹೊಟ್ಟೆಯುಬ್ಬಿಸಿ, ಮೂರು ವರ್ಷದ ಬಾಕಿಯನ್ನೆಲ್ಲ ಸೇರಿಸಿ ಕೂಗಿದವು. ದಡದಲ್ಲಿ ಸಿದ್ದವ್ವ ಖಾಲಿ ಹಂಚನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ಗುರ್ಜಿ ಕರಗಿ ಅವಳ ಹೆಗಲ ಮೇಲೆ ಇಳಿದಿತ್ತು.

"ನನಗೆ ಗೊತ್ತಿದ್ದದ್ದು ಇದರ ಹೆಸರು ಮಾತ್ರ" ಎಂದರು ವಸುಂಧರಾ. ಆದರೂ ಮರುದಿನ ವರದಿ ಬರೆದರು. ಅದು ಅವರ ಕೆಲಸ, ಮಹಾನಂದಾ ತಪ್ಪು ತಿಳಿಯಲಿಲ್ಲ.

ವಿಚಾರಣೆ ಫೋನಿನಲ್ಲೇ ನಡೆಯಿತು. ಅಮಾನತಾಗಿದ್ದ ಮಹಾನಂದಾ ಅಡುಗೆಕೋಣೆಯಲ್ಲಿ, ಊರುಗೋಲು ಕೊಟ್ಟು ನಿಲ್ಲಿಸಿದ ತೊಲೆಯ ಕೆಳಗೆ ಕೂತಿದ್ದಳು. ಸಿದ್ದವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿತ್ತಲಿನಲ್ಲಿ ಎರಡು ಗುಂಡಗಪ್ಪೆಗಳು ಗೆದ್ದಲಿನ ಗೂಡಿಗೆ ಬಾಯಿ ಹಚ್ಚಿ ಕೂತಿದ್ದವು, ಏಳುವ ಲಕ್ಷಣವಿರಲಿಲ್ಲ. ರಾಜಧಾನಿಯ ಅಧಿಕಾರಿ ಸಜ್ಜನಿಕೆಯಿಂದಲೇ ಮಾತಾಡಿದ. ತಪ್ಪಾಯಿತು, ಮತ್ತೆ ಮಾಡುವುದಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕು, ಕೆಲಸ ಉಳಿಯುತ್ತದೆ. ಬೇರೆ ಕಂಬಗಳ ನೌಕರರೆಲ್ಲ ಈ ಕರೆಯನ್ನು ಕೇಳುತ್ತಿದ್ದಾರೆ, ಅವರಿಗೂ ಪಾಠವಾಗುತ್ತದೆ ಎಂದ.

"ಅವರೂ ಕೇಳಾಕತ್ತಾರೇನ್ರಿ?" ಮಹಾನಂದಾ ಕೇಳಿದಳು. "ಕಡಲ ಕರೆಯವರು, ಕೊಡಗಿನವರು, ಎಲ್ಲಾರೂ?"

"ಎಲ್ಲರೂ. ಹೇಳಿ."

ಅವಳು ಎದ್ದು ಕೆರೆಯ ಕಡೆಗಿನ ಕಿಟಕಿಗೆ ಹೋಗಿ, ಫೋನನ್ನು ಕಪ್ಪೆಗಳ ಕೂಗಿನ ಕಡೆಗೆ ಹೊರಗೆ ಹಿಡಿದಳು.

"ಏನದು ಗದ್ದಲ? ಏನೂ ಕೇಳುತ್ತಿಲ್ಲ" ಎಂದ ಅಧಿಕಾರಿ. "ಕಿಟಕಿ ಮುಚ್ಚಿ ಮಾತಾಡಿ."

ಸಿದ್ದವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಇನ್ನೊಂದು ಕಿಟಕಿಯನ್ನೂ ತೆರೆದಳು.